ಬೈಲಕುಪ್ಪೆಗೆ ಒಗ್ಗಿದ ಬದುಕು

1960ರ ಕೊನೆಯಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದಿಳಿದ ಟಿಬೆಟನ್ನರಿಗೆ ಕಂಡದ್ದು ಬರೀ ಕಾಡು. ನೆಹರೂ ರಾಜ್ಯಗಳಿಗೆ ಪತ್ರ ಬರೆದು ನಿರಾಶ್ರಿತರಿಗೆ ನೆಲ ಕೇಳಿದ್ದರು. ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಡಲು ಒಪ್ಪಿತ್ತು. ಆದರೆ ಆ ಎಕರೆಗಳ ಮೇಲೆ ಮರ, ಬಿದಿರು, ಮುಳ್ಳುಪೊದೆ ಹೆಣೆದುಕೊಂಡಿದ್ದವು. ಉಳುವ ಮಾತು ಹಾಗಿರಲಿ, ಮಲಗಲು ಜಾಗ ಬೇಕೆಂದರೂ ಮೊದಲು ಕೊಡಲಿ ಹಿಡಿಯಬೇಕಿತ್ತು.

ಗುಡಾರಗಳು ಎದ್ದವು. ಹಗಲೆಲ್ಲ ಮರ ಕಡಿದು, ರಾಶಿ ಹಾಕಿ, ಬೆಂಕಿ ಇಟ್ಟರು. ಮೇಲೆ ಬಿಸಿಲು, ಎದುರಿಗೆ ಉರಿ. ಹಿಮದ ನಾಡಿನಲ್ಲಿ ಹುಟ್ಟಿದ ಮೈ ತಡೆಯಲಿಲ್ಲ. ಕೆಲವರು ಸೆಕೆಗೇ ಸತ್ತರು. ಬೆಂಕಿಯಲ್ಲಿ ಹುಳುಹುಪ್ಪಟೆಗಳು ಬೇಯುವುದನ್ನು ನೋಡಿ ಬೌದ್ಧರಾದ ಅವರ ಜೀವ ಇನ್ನಷ್ಟು ನೊಂದಿತು. ದಲೈ ಲಾಮಾ ನೋಡಲು ಬಂದಾಗ ಬಿಸಿಲಿಗೆ ಕಪ್ಪಿಟ್ಟು ಸೊರಗಿದ ಮುಖಗಳು ಅವರ ಮುಂದೆ ಕೂತಿದ್ದವು. ಇಲ್ಲೇ ನೆಲೆ ಕಂಡುಕೊಳ್ಳುವಿರಿ ಎಂದು ಅವರು ಧೈರ್ಯ ಹೇಳಿ ಹೋದರು. ಹೇಗೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಮುಂಗಾರು ಬಂತು. ಬಟ್ಟೆಯ ಗುಡಾರ ಮಳೆಗೆ ಸಾಲದು, ಬಿದಿರಿನ ಗುಡಿಸಲು ಆನೆಗೆ ಸಾಲದು. ಹಸನು ಮಾಡಿದ ಹೊಲದಲ್ಲಿ ಪೈರು ತಲೆಯೆತ್ತಿದರೆ ಕಾಡಾನೆಗಳು ನುಗ್ಗಿ ತುಳಿದು ಹೋಗುತ್ತಿದ್ದವು. ತಿಂಗಳುಗಟ್ಟಲೆ ಪಟ್ಟ ಪಾಡು ಒಂದು ರಾತ್ರಿಗೆ ಮಣ್ಣುಪಾಲು. ಬಂದವರಲ್ಲಿ ಕುರಿ, ಯಾಕ್ ಕಾಯ್ದವರಿದ್ದರು, ವ್ಯಾಪಾರಿಗಳಿದ್ದರು. ಮಳೆ ನಂಬಿ ಕೆಂಪು ಮಣ್ಣು ಉಳುವುದು ಅವರ ಕಸುಬೇ ಅಲ್ಲ. ಊರಿನಲ್ಲಿ ಹುರಿದು ಹಿಟ್ಟು ಮಾಡಿ ತಿನ್ನುತ್ತಿದ್ದ ಬಾರ್ಲಿ ತಂಪು ಸೀಮೆಯ ಬೆಳೆ, ಇಲ್ಲಿನ ಸೆಕೆಗೆ ಆಗಿಬರುವಂಥದ್ದಲ್ಲ. ಆದರೂ ಅವರು ನೆಲ ಬಿಟ್ಟು ಕದಲಲಿಲ್ಲ.

ಗುಡಾರ, ಗುಡಿಸಲುಗಳ ಜಾಗದಲ್ಲಿ ಹೆಂಚಿನ ಮನೆಗಳು ಎದ್ದವು. ಉಣ್ಣೆಯ ದಪ್ಪ ನಿಲುವಂಗಿಗಳು ಪೆಟ್ಟಿಗೆ ಸೇರಿದವು. 1968ರಲ್ಲಿ ಈ ಪುನರ್ವಸತಿಗೆಂದೇ ಮೈರಾಡ ಸಂಸ್ಥೆ ಹುಟ್ಟಿತು; ಮರುವರ್ಷ ಪಕ್ಕದಲ್ಲೇ ಎರಡನೆಯ ವಸಾಹತು ತಲೆಯೆತ್ತಿತು. ಹೊಲಗಳಲ್ಲಿ ಮುಸುಕಿನ ಜೋಳ ನೆಲೆ ನಿಂತಿತು.

ಅವರು ಇಲ್ಲಿಗೆ ಒಗ್ಗಿದ ಗುಟ್ಟು ಇದ್ದದ್ದು ವರ್ಷವನ್ನು ಎರಡು ಪಾಲು ಮಾಡಿಕೊಂಡದ್ದರಲ್ಲಿ. ಮುಂಗಾರಿಗೆ ಬಿತ್ತಿದ ಜೋಳ ಮೂರು ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತಿತ್ತು. ಮಳೆ ನಿಂತ ಮೇಲೆ ಹೊಲಕ್ಕೆ ಕೆಲಸವಿಲ್ಲ. ಅದೇ ಹೊತ್ತಿಗೆ ಊರೂರಲ್ಲಿ ಚಳಿ ಶುರು. ಲೂಧಿಯಾನದ ಸ್ವೆಟರುಗಳನ್ನು ತರಿಸಿ, ಮೂಟೆ ಹೊತ್ತು, ಮೈಸೂರು ಬೆಂಗಳೂರುಗಳ ಬೀದಿಗಳಲ್ಲಿ ಮಾರಿ, ಚಳಿ ಇಳಿದಾಗ ಮನೆಗೆ ಮರಳಿದರು. ಮಳೆಗಾಲ ಹೊಲಕ್ಕೆ, ಚಳಿಗಾಲ ಪೇಟೆಗೆ. ಗುಡಾರದಲ್ಲಿ ಶುರುವಾದ ಬಿಡಾರ ಹೀಗೆ ಊರಾಯಿತು. ಅಲ್ಲಿನ ಹಳ್ಳಿಗಳನ್ನು ಜನ ಇಂದಿಗೂ ಒಂದನೇ ಕ್ಯಾಂಪ್, ನಾಲ್ಕನೇ ಕ್ಯಾಂಪ್ ಎಂದೇ ಕರೆಯುತ್ತಾರೆ.