ತಾತ್ಯಾ ವಿಂಚುವಿನ ತಪ್ಪು ಲೆಕ್ಕ

ಪ್ರಶ್ನೆ: ಮರಾಠಿ ಸಿನಿಮಾ ‘ಝಪಾಟ್ಲೇಲಾ’ದ ಗೊಂಬೆಗೆ ನಾಯಕ ಲಕ್ಷ್ಯಾನ ದೇಹವೇ ಯಾಕೆ ಬೇಕು? ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ?
– ಓದುಗರು, ಗಡಹಿಂಗ್ಲಜ್

ಉತ್ತರ: ಇಲ್ಲಿ ಕಥೆಗೆ ತೂತಿಲ್ಲ. ಗೊಂಬೆಯೊಳಗೆ ಸೇರಿಕೊಂಡ ಪಾತಕಿ ತಾತ್ಯಾ ವಿಂಚು ತನ್ನ ಗುಟ್ಟನ್ನು ಮೊದಲು ಯಾರಿಗೆ ಹೇಳಿದನೋ ಅವನ ಮೈಯನ್ನೇ ಸೇರಬೇಕು ಎಂಬ ನಿಯಮ ಚಿತ್ರದಲ್ಲೇ ಇದೆ. 1993ರಲ್ಲಿ ನಿರ್ದೇಶಕ ಮಹೇಶ್ ಕೊಠಾರೆ ಅದನ್ನು 1988ರ ಹಾಲಿವುಡ್ ಚಿತ್ರ ‘ಚೈಲ್ಡ್ಸ್ ಪ್ಲೇ’ಯಿಂದ ಎತ್ತಿಕೊಂಡರು.

ತೂತು ಇರುವುದು ಬೇರೆ ಕಡೆ. ಕೊಲೆ ಮಾಡುವುದು ಗೊಂಬೆ, ಅನುಮಾನ ಬರುವುದು ಪಾಪದ ಲಕ್ಷ್ಯಾನ ಮೇಲೆ. ಅಂದರೆ ತಾತ್ಯಾ ತಾನು ವಾಸಕ್ಕೆ ಹೋಗಬೇಕಾದ ಮನೆಗೆ ತಾನೇ ಪೊಲೀಸರನ್ನು ಕರೆಸುತ್ತಿದ್ದಾನೆ! ಯೋಜನೆ ಫಲಿಸಿದ್ದರೆ ಮರುದಿನವೇ ಕೈಗೆ ಬೇಡಿ. ಹೆಸರಿನಲ್ಲೇ ಚೇಳು ಇರುವವನಿಗೆ (ವಿಂಚು ಎಂದರೆ ಚೇಳು) ಇಷ್ಟೂ ಹೊಳೆಯಲಿಲ್ಲ. ಲಕ್ಷ್ಯಾನಾಗಿ ನಟಿಸಿದ ಲಕ್ಷ್ಮೀಕಾಂತ್ ಬೇರ್ಡೆಯವರ ಗಾಬರಿ, ರಾಮದಾಸ್ ಪಾಧ್ಯೆಯವರ ಗೊಂಬೆಯಾಟದ ನಡುವೆ ನಮಗೂ ಹೊಳೆಯುವುದಿಲ್ಲ ಅನ್ನಿ.

ಇನ್ನು ತೆರೆಯ ಮೇಲಿನ ಕೊಲೆಯ ಮಾತಿಗೆ ಬಂದರೆ, ನಿಮ್ಮ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ 1920ರಲ್ಲಿ ‘ಸೈರಂಧ್ರಿ’ ತೆಗೆದಾಗ ಕೀಚಕವಧೆ ತೀರಾ ನಿಜವೆನಿಸಿ, ಆ ದೃಶ್ಯಕ್ಕೇ ಕತ್ತರಿ ಬಿದ್ದಿತ್ತು. ತಾತ್ಯಾನಿಗೆ ಆ ಭಾಗ್ಯವಿಲ್ಲ. ಅವನನ್ನು ನೋಡಿ ಜನ ನಕ್ಕರು. 2013ರಲ್ಲಿ ಅವನು ತ್ರೀಡಿಯಲ್ಲಿ ಮತ್ತೆ ಬಂದ.