ಧನುಷ್ಕೋಟಿ ರೈಲು ನಿಲ್ದಾಣ: ಒಂದು ಟಿಪ್ಪಣಿ

ಪ್ರಾಚೀನ ಸಾಹಿತ್ಯದ ಅಭ್ಯಾಸಿಗಳಿಗೆ ಧನುಷ್ಕೋಟಿ ಎಂದೊಡನೆ ನೆನಪಾಗುವುದು ಸೇತುಸ್ನಾನ. ಅಲ್ಲಿ ಮೀಯದೆ ಕಾಶೀಯಾತ್ರೆ ಪೂರ್ಣವಾಗದೆಂಬ ನಂಬಿಕೆ ಹಳೆಯದು. ‘ಆಸೇತುಹಿಮಾಚಲ’ ಎನ್ನುವಾಗ ನಾವು ಸೂಚಿಸುವ ತೆಂಕಣ ಎಲ್ಲೆಯೂ ಅದೇ. ಆದರೆ ರಾಮೇಶ್ವರ ದ್ವೀಪದ ಈ ಮರಳುತುದಿಗೆ ರೈಲು ಬಂದುದು ಮುಖ್ಯವಾಗಿ ಸಿಂಹಳದ ಸಂಪರ್ಕಕ್ಕಾಗಿ.

1914ರ ಫೆಬ್ರವರಿಯಲ್ಲಿ ಪಾಂಬನ್ ಸೇತುವೆ ತೆರೆಯಿತು. ಅದಕ್ಕೆ ಮೊದಲು ಪ್ರಯಾಣಿಕರು ತೂತ್ತುಕುಡಿಯಿಂದ ಕೊಲಂಬೊಗೆ ದೀರ್ಘವಾದ ಕಡಲಯಾನ ಮಾಡಬೇಕಿತ್ತು. ಬಳಿಕ ಮದರಾಸಿನಿಂದ ಧನುಷ್ಕೋಟಿಗೆ ಮೀಟರ್‌ಗೇಜ್ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಗೆ ರೈಲು. ಒಂದೇ ಟಿಕೆಟ್ಟಿನ ಈ ಪಯಣಕ್ಕೆ ‘ಬೋಟ್ ಮೇಲ್’ ಎಂಬ ಹೆಸರು ನಿಂತಿತು. ‘ಇರ್ವಿನ್’, ‘ಗೋಷೆನ್’ ಹಡಗುಗಳು ರೈಲಿನ ವೇಳೆಗೆ ಹೊಂದಿಕೊಂಡು ಸಂಚರಿಸಿದವು. ಮೀನುಗಾರರ ನೆಲೆಯಲ್ಲಿ ಸುಂಕದ ಕಚೇರಿ, ಅಂಚೆ ಕಚೇರಿ, ಆಸ್ಪತ್ರೆಗಳು ತಲೆಯೆತ್ತಿದವು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತದ ಅಲೆಗಳು ಪಾಂಬನ್‌ನಿಂದ ಬರುತ್ತಿದ್ದ 653ನೆಯ ಪ್ಯಾಸೆಂಜರ್ ರೈಲನ್ನು ನಿಲ್ದಾಣದ ಸಮೀಪದಲ್ಲೇ ನುಂಗಿದವು. ಸತ್ತವರು ನೂರಕ್ಕೂ ಹೆಚ್ಚು. ಈ ಎಣಿಕೆಗೆ ಆಧಾರ ಟಿಕೆಟ್ಟುಗಳು. ಟಿಕೆಟ್ಟಿಲ್ಲದೆ ಹತ್ತಿದ್ದವರು ಅದರಲ್ಲಿ ಸೇರಿಲ್ಲವೆಂಬುದನ್ನು ಸಂಶೋಧಕರು ಮರೆಯಬಾರದು.

ನಿಲ್ದಾಣವನ್ನು ಅಳಿಸಿದ್ದು ಕಡಲೆಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಇದು ಅರ್ಧ ಸತ್ಯ. ಅದೇ ರಾತ್ರಿ ಪಾಂಬನ್ ಸೇತುವೆಯ ಬಹುಪಾಲು ಗರ್ಡರುಗಳೂ ಕೊಚ್ಚಿಹೋಗಿದ್ದವು. ಇ. ಶ್ರೀಧರನ್ (ಮುಂದೆ ಕೊಂಕಣ ರೈಲುಮಾರ್ಗ, ದೆಹಲಿ ಮೆಟ್ರೊಗಳನ್ನು ಕಟ್ಟಿಸಿದವರು) ಅದನ್ನು 46 ದಿನಗಳಲ್ಲಿ ದುರಸ್ತಿ ಮಾಡಿಸಿದರು. ರಾಮೇಶ್ವರದವರೆಗೆ ರೈಲು ಮರಳಿತು; ಧನುಷ್ಕೋಟಿಯ ಹಳಿಗಳನ್ನು ಮಾತ್ರ ಮತ್ತೆ ಹಾಸಲಿಲ್ಲ. ಸರ್ಕಾರ ಊರನ್ನು ವಾಸಕ್ಕೆ ಅಯೋಗ್ಯವೆಂದು ಘೋಷಿಸಿತು. ಮೂರು ಕಡೆ ಕಡಲಿರುವ ತುದಿಯನ್ನು ಕೈಬಿಟ್ಟದ್ದು ಅವಿವೇಕವೆನ್ನಲಾಗದು. ಆದರೂ ಅದು ಮನುಷ್ಯರ ನಿರ್ಧಾರ, ಪ್ರಕೃತಿಯದಲ್ಲ. ಹಡಗು ರಾಮೇಶ್ವರದಿಂದ ಹೊರಡತೊಡಗಿತು. 1980ರ ದಶಕದಲ್ಲಿ ಶ್ರೀಲಂಕೆಯ ಅಂತರ್ಯುದ್ಧ ಅದನ್ನು ನಿಲ್ಲಿಸಿತು. ಎಂದರೆ, ನಿಲ್ದಾಣ ಅಳಿದ ಮೇಲೂ ಮಾರ್ಗ ಸುಮಾರು ಎರಡು ದಶಕ ಬದುಕಿತ್ತು.

ಘೋಷಣೆಯ ನಂತರವೂ ಮೀನುಗಾರ ಕುಟುಂಬಗಳು ಅಲ್ಲಿಗೆ ಮರಳಿ ಗುಡಿಸಲು ಕಟ್ಟಿಕೊಂಡವು. ನಿಲ್ದಾಣದ ಮುರುಕು ಗೋಡೆಗಳನ್ನು ನೋಡಲು ಬರುವ ಪ್ರವಾಸಿಗರಿಗೆ ಅವರು ಶಂಖ, ಕವಡೆಗಳನ್ನು ಮಾರುತ್ತಾರೆ. 2017ರಲ್ಲಿ ತುದಿಯವರೆಗೆ ಡಾಂಬರು ರಸ್ತೆ ತೆರೆಯಿತು. 2019ರ ಮಾರ್ಚ್‌ನಲ್ಲಿ ರಾಮೇಶ್ವರ–ಧನುಷ್ಕೋಟಿ ರೈಲುಮಾರ್ಗಕ್ಕೆ ಶಂಕುಸ್ಥಾಪನೆಯೂ ಆಯಿತು. ಹಳಿ ಇನ್ನೂ ಬಂದಿಲ್ಲ.