ಮಗು ಉಣ್ಣಲು ಆರಂಭಿಸಿದಾಗ ಹೊಟ್ಟೆಯಲ್ಲಾಗುವ ಬದಲಾವಣೆ



ಕಳೆದ ತಿಂಗಳ ಒಂದು ಜುಮಾದಲ್ಲಿ ನಾವು ಸೂರಃ ಅಲ್ ಬಕರಃದ 233ನೇ ಸೂಕ್ತವನ್ನು ವಿವರಿಸಿದ್ದೆವು. ಮೊಲೆಯೂಡಿಸುವುದನ್ನು ಪೂರ್ತಿಗೊಳಿಸಬಯಸುವವರಿಗೆ ಎರಡು ವರ್ಷದ ಅವಧಿಯನ್ನೂ, ಮೊದಲೇ ಬಿಡಿಸುವುದಾದರೆ ತಂದೆ-ತಾಯಿ ಸಮಾಲೋಚಿಸಿ ಒಪ್ಪಬೇಕೆಂಬುದನ್ನೂ ಅದು ತಿಳಿಸುತ್ತದೆ. ನಮಾಝಿನ ಬಳಿಕ ಕೆಲವರು ಬೇರೆಯೇ ಪ್ರಶ್ನೆ ಕೇಳಿದರು. ಮಗುವಿಗೆ ಆಹಾರ ಶುರು ಮಾಡಿದ ಮೇಲೆ ಮಲದ ಬಣ್ಣ, ವಾಸನೆ ಎಲ್ಲ ಬದಲಾಗಿದೆ, ನಜರ್ ತಾಗಿರಬಹುದೇ, ನೀರು ಊದಿ ಕೊಡುವಿರಾ ಎಂದು.

ದೃಷ್ಟಿ ತಾಗುವುದುಂಟು ಎಂಬುದು ನಮ್ಮ ನಂಬಿಕೆ. ಆದರೆ ಇಲ್ಲಿ ಕಾರಣ ಮಗುವಿನ ಬಟ್ಟಲಲ್ಲೇ ಇದೆ.

ಎದೆಹಾಲು ಮಾತ್ರ ಕುಡಿಯುವ ಮಗುವಿನ ಮಲ ಹಳದಿ, ತೆಳು, ಹೆಚ್ಚು ವಾಸನೆಯಿಲ್ಲದ್ದು. ಆರು ತಿಂಗಳು ತುಂಬಿ ರಾಗಿ ಮಣ್ಣಿ, ಗಂಜಿ, ಬೇಳೆ ಸೇರಿದಾಗ ಅದು ಗಟ್ಟಿಯಾಗುತ್ತದೆ, ಕಂದಾಗುತ್ತದೆ, ವಾಸನೆ ಬರುತ್ತದೆ. ಕರುಳಿನಲ್ಲಿ ಅದುವರೆಗೆ ಹಾಲಿಗೆ ಒಗ್ಗಿದ ಬ್ಯಾಕ್ಟೀರಿಯಾಗಳೇ ಹೆಚ್ಚಿರುತ್ತವೆ. ಈಗ ಬೇರೆ ಬಗೆಯವು ನೆಲೆಸತೊಡಗುತ್ತವೆ. ಹಿಟ್ಟಿನಂಶ ಕರಗಿಸುವ ರಸವೂ ಈ ವಯಸ್ಸಿನಲ್ಲಿ ದೊಡ್ಡವರಷ್ಟು ಇರುವುದಿಲ್ಲ. ಹಾಗಾಗಿ ಕ್ಯಾರೆಟ್ ಚೂರು, ಬಟಾಣಿ ಸಿಪ್ಪೆ ಹಾಗೇ ಹೊರಬರುವುದುಂಟು. ಬಾಳೆಹಣ್ಣು ತಿಂದರೆ ಕಪ್ಪು ದಾರದಂಥ ಎಳೆಗಳು ಕಾಣುತ್ತವೆ. ಅದನ್ನು ಹುಳವೆಂದು ಭಾವಿಸಿ ಗಾಬರಿಯಾಗುವವರಿದ್ದಾರೆ. ಬೀಟ್‌ರೂಟ್ ಕೊಟ್ಟರೆ ಕೆಂಪು, ಕಬ್ಬಿಣದ ಹನಿ ಕೊಟ್ಟರೆ ಕಡು ಬಣ್ಣ.

ನಮ್ಮ ಫುಕಹಾಗಳು ಈ ಘಟ್ಟವನ್ನು ಎಂದೋ ಗುರುತಿಸಿದ್ದರು. ಉಮ್ಮು ಖೈಸ್(ರ) ಅವರು ಇನ್ನೂ ಆಹಾರ ತಿನ್ನದ ತಮ್ಮ ಗಂಡುಮಗುವನ್ನು ಪ್ರವಾದಿ(ಸ)ರ ಬಳಿಗೆ ತಂದಾಗ ಅದು ಮಡಿಲಲ್ಲಿ ಮೂತ್ರ ಮಾಡಿತು. ಅವರು ತೊಳೆಯದೆ ನೀರು ಚಿಮುಕಿಸಿದರು. ಇದರ ಆಧಾರದಲ್ಲಿ ಶಾಫಿಈ ಮದ್ಹಬ್‌ನಲ್ಲಿ ಹಾಲು ಮಾತ್ರ ಕುಡಿಯುವ, ಎರಡು ವರ್ಷ ತುಂಬದ ಗಂಡುಮಗುವಿನ ಮೂತ್ರಕ್ಕೆ ನೀರು ಚಿಮುಕಿಸಿದರೆ ಸಾಕು, ಆಹಾರ ಶುರುವಾದ ಮೇಲೆ ತೊಳೆಯಲೇಬೇಕು. ಹನಫಿಗಳಲ್ಲಿ ಎರಡೂ ಸ್ಥಿತಿಯಲ್ಲಿ ತೊಳೆಯಬೇಕು. ಮಲವಂತೂ ಎಲ್ಲರಲ್ಲೂ ನಜಸ್.

ಮಲಬದ್ಧತೆಯ ವಿಷಯಕ್ಕೆ ಬರೋಣ. ಮುಖ ಕೆಂಪಾಗಿಸಿ ತಿಣುಕಿದರೂ ಮಲ ಮೆತ್ತಗಿದ್ದರೆ ಅದು ಮಲಬದ್ಧತೆಯಲ್ಲ. ಕಲ್ಲಿನ ಹರಳಿನಂತೆ ಗಟ್ಟಿಯಾಗಿ, ಮಗು ನೋವಿನಿಂದ ಅತ್ತರೆ ಮಾತ್ರ ಹಾಗೆನ್ನಬೇಕು. ನೇಂದ್ರ ಕಾಯಿಯ ಪುಡಿಯ ಮಣ್ಣಿಯನ್ನೇ ಮೂರು ಹೊತ್ತೂ ಕೊಡುವ ಮನೆಗಳಲ್ಲಿ ಇದು ಸಾಮಾನ್ಯ. ಪಪ್ಪಾಯಿ, ಬೇಯಿಸಿದ ತರಕಾರಿ, ಕೆಲವು ಗುಟುಕು ಕುದಿಸಿ ಆರಿಸಿದ ನೀರು ಕೊಡಿ, ಎದೆಹಾಲು ಮುಂದುವರಿಸಿ. ಮೊದಲಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ ಸಾಕು. ಆರು ತಿಂಗಳೊಳಗಿನ ಮಗುವಿಗೆ ಮಾತ್ರ ನೀರೇ ಬೇಡ, ಊದಿದ ನೀರೂ ಬೇಡ. ಅಂಥವರಿಗೆ ನಾವು ಮಗುವಿನ ತಲೆ ಮೇಲೆ ಕೈಯಿಟ್ಟು ಓದಿ ಕಳುಹಿಸುತ್ತೇವೆ, ಬಾಟಲಿ ತುಂಬಿಸುವುದಿಲ್ಲ. ಕೆಲವು ಅಜ್ಜಿಯಂದಿರಿಗೆ ಇದರಿಂದ ಬೇಸರವಿದೆ.

ಜೇನಿನ ಬಗ್ಗೆ ಒತ್ತಿ ಹೇಳಬೇಕಾಗಿದೆ. ಅದರಲ್ಲಿ ಶಮನವಿದೆ ಎಂದು ಕುರ್‌ಆನ್ ತಿಳಿಸಿದೆ, ನಿಜ. ಆದರೆ ಒಂದು ವರ್ಷದೊಳಗಿನ ಮಗುವಿಗೆ ನೆಕ್ಕಿಸಬೇಡಿ. ಜೇನಿನಲ್ಲಿ ಇರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಅದರ ಮೊದಲ ಲಕ್ಷಣ ಹೆಚ್ಚಾಗಿ ಮಲಬದ್ಧತೆಯೇ; ಬಳಿಕ ಹಾಲು ಹೀರುವ ಶಕ್ತಿ, ಕತ್ತಿನ ಬಲ ಕುಗ್ಗುತ್ತದೆ. ತಹ್ನೀಕ್‌ಗೆ ಪ್ರವಾದಿ(ಸ) ಬಳಸಿದ್ದು ಖರ್ಜೂರ.

ಭೇದಿಯಾದರೆ ಊಟ, ಎದೆಹಾಲು ನಿಲ್ಲಿಸಬಾರದು. ಓಆರ್‌ಎಸ್ ಕೊಡಿ, ಝಿಂಕ್ ಮಾತ್ರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರ ಬಳಿ ಕೇಳಿ, 14 ದಿನ ಪೂರ್ತಿ ಕೊಡಿ. ಮಲದಲ್ಲಿ ರಕ್ತ, ಸುಣ್ಣದಂಥ ಬಿಳಿ ಮಲ, ಹಸಿರು ವಾಂತಿ, ಊದಿದ ಹೊಟ್ಟೆ, ಒಳಸೇರಿದ ಕಣ್ಣು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಫಜ್ರ್ ಆಗಲೆಂದು ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ. ದುಆಕ್ಕೆ ದಾರಿಯಿಂದ ನಮಗೆ ಫೋನ್ ಮಾಡಿದರೆ ಸಾಕು.